ಮಾತ್ರೆ ತಪ್ಪಿದ ಐದು ದಿನ

ನಮ್ಮ ಮನೆಯ ಅಡುಗೆಕೋಣೆಯಲ್ಲಿ ಎರಡು ಒಗ್ಗರಣೆ ಡಬ್ಬಿಗಳಿವೆ. ಒಂದರಲ್ಲಿ ಸಾಸಿವೆ, ಜೀರಿಗೆ, ಮೆಂತ್ಯ, ಉದ್ದಿನಬೇಳೆಗಳು ತಮ್ಮ ತಮ್ಮ ಬಟ್ಟಲಲ್ಲಿ ಮರ್ಯಾದೆಯಿಂದ ಕುಳಿತಿರುತ್ತವೆ. ಇನ್ನೊಂದು ನನ್ನ ಹೆಂಡತಿ ಮಂಗಳ ಮದುವೆಯಾಗಿ ಬಂದಾಗ ತವರಿನಿಂದ ತಂದದ್ದು, ಮುಚ್ಚಳ ನಗ್ಗಿ ಕೆಲಸದಿಂದ ನಿವೃತ್ತಿಯಾಗಿದ್ದ ಡಬ್ಬಿ. ಅದರ ಏಳು ಬಟ್ಟಲುಗಳಲ್ಲಿ ಈಗ ವಾರದ ಏಳು ದಿನದ ನನ್ನ ಮಾತ್ರೆಗಳಿವೆ. ನಡುವಿನ ಬಟ್ಟಲು ಭಾನುವಾರ. ಅಲ್ಲಿಂದ ಪ್ರದಕ್ಷಿಣೆಯಾಗಿ ಸೋಮ, ಮಂಗಳ, ಬುಧ. ಎಷ್ಟು ಉಜ್ಜಿದರೂ ಆ ಡಬ್ಬಿಯಿಂದ ಜೀರಿಗೆಯ ವಾಸನೆ ಪೂರ್ತಿ ಹೋಗಿಲ್ಲ. ಹಾಗಾಗಿ ಮೂರು ವರ್ಷಗಳಿಂದ, ಬೆಳಗಿನ ತಿಂಡಿಯಾದ ಮೇಲೆ, ಜೀರಿಗೆಯ ಪರಿಮಳವಿರುವ ಒಂದು ಪುಟ್ಟ ಬಿಳಿ ಮಾತ್ರೆಯನ್ನು ನಾನು ನುಂಗುತ್ತ ಬಂದಿದ್ದೇನೆ. ಅದು ಬಿಪಿಯದಲ್ಲ, ಸಕ್ಕರೆ ಕಾಯಿಲೆಯದೂ ಅಲ್ಲ. ಖಿನ್ನತೆಯದು. ನೋಡಿ, ಇಷ್ಟು ಹೇಳಲಿಕ್ಕೆ ನನಗೆ ಒಂದು ಡಬ್ಬಿಯ ಪೀಠಿಕೆ ಬೇಕಾಯಿತು.

ನಾನು ಕನ್ನಡದ ಮೇಷ್ಟ್ರು. ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಮಕ್ಕಳಿಗೆ ಲಘು ಗುರು ಹಾಕಿಸುತ್ತಿದ್ದೇನೆ. ಸಾಲಿನಲ್ಲಿ ಒಂದು ಮಾತ್ರೆ ತಪ್ಪಿದರೂ ಷಟ್ಪದಿ ಕುಂಟುತ್ತದೆ ಎಂದು ಕರಿಹಲಗೆಯ ಮೇಲೆ ಬೆರಳಿನಿಂದ ಕುಟ್ಟಿ ಕುಟ್ಟಿ ತೋರಿಸಿದವನು. ಛಂದಸ್ಸಿನ ಮಾತ್ರೆಗೂ ಔಷಧದ ಮಾತ್ರೆಗೂ ಒಂದೇ ಹೆಸರು ಏಕೆ ಬಂತೆಂದು ಮಕ್ಕಳು ಕೇಳಿದಾಗ, ಎರಡೂ ಅಳತೆಯೇ ಕಣ್ರೋ ಎಂದು ಉತ್ತರ ಕೊಟ್ಟು ಮುಂದಕ್ಕೆ ಹೋಗಿಬಿಡುತ್ತಿದ್ದೆ. ಆ ಉತ್ತರವನ್ನು ನಾನೇ ಸರಿಯಾಗಿ ಕೇಳಿಸಿಕೊಂಡದ್ದು ಈ ಏಪ್ರಿಲ್ ತಿಂಗಳಲ್ಲಿ.

ಕಾಯಿಲೆ ಹೇಗೆ ಬಂತೆಂದು ಕೇಳಿದರೆ ಹೇಳಲು ನನ್ನಲ್ಲಿ ದೊಡ್ಡ ಕತೆಯಿಲ್ಲ. ಯಾರೂ ಸತ್ತಿರಲಿಲ್ಲ, ಯಾರೂ ಮೋಸ ಮಾಡಿರಲಿಲ್ಲ. ಮಗಳು ಮದುವೆಯಾಗಿ ಹಾಸನದಲ್ಲಿ ಸುಖವಾಗಿದ್ದಳು. ಆದರೂ ಒಂದು ದಿನ ಕುಂಬಾರಕೊಪ್ಪಲಿನ ನಮ್ಮ ಬಸ್ ನಿಲ್ದಾಣದಲ್ಲಿ ನಿಂತವನು, ನಾನು ಹತ್ತಬೇಕಾದ ನಾಲ್ಕು ಬಸ್ಸುಗಳು ಬಂದು ಹೋದರೂ ಹತ್ತದೆ ನಿಂತೇ ಇದ್ದೆ. ಕಾಲೆತ್ತಿ ಮೆಟ್ಟಿಲ ಮೇಲಿಡಬೇಕು ಎಂಬುದು ತಿಳಿಯುತ್ತಿತ್ತು, ಇಡಲು ಬೇಕಾದ ಕಾರಣ ಮಾತ್ರ ಸಿಗುತ್ತಿರಲಿಲ್ಲ. ಅಂಥ ದಿನಗಳು ತಿಂಗಳುಗಳಾದ ಮೇಲೆ ಮಂಗಳ ನನ್ನನ್ನು ಸರಸ್ವತಿಪುರದ ಒಬ್ಬ ಡಾಕ್ಟರಮ್ಮನ ಬಳಿಗೆ ಕರೆದೊಯ್ದಳು. ಮಾತ್ರೆ ಶುರುವಾಯಿತು. ಎರಡು ತಿಂಗಳಲ್ಲಿ ಬಸ್ಸು ಬಂದರೆ ಹತ್ತುವ ಮನುಷ್ಯನಾದೆ. ಅದಕ್ಕಿಂತ ಹೆಚ್ಚಿನ ಪವಾಡವನ್ನು ನಾನೂ ಬಯಸಿರಲಿಲ್ಲ.

ಈ ಏಪ್ರಿಲ್‌ನಲ್ಲಿ ಮಂಗಳನ ತಂಗಿಗೆ ಮಂಡ್ಯದಲ್ಲಿ ಪಿತ್ತಕೋಶದ ಆಪರೇಷನ್ ಆಯಿತು. ನೋಡಿಕೊಳ್ಳಲು ಇವಳು ಹತ್ತು ದಿನಕ್ಕೆಂದು ಶನಿವಾರ ಹೊರಟಳು. ಹೊರಡುವ ಗಡಿಬಿಡಿಯಲ್ಲಿ ಹೊಸ ಮಾತ್ರೆ ತಂದು ಡಬ್ಬಿ ತುಂಬುವುದು ಉಳಿದುಹೋಯಿತು. ಭಾನುವಾರದ ಬಟ್ಟಲಲ್ಲಿದ್ದ ಮಾತ್ರೆಯನ್ನು ತೆಗೆದುಕೊಂಡ ಮೇಲೆ ಡಬ್ಬಿ ಖಾಲಿ. ಸೋಮವಾರ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನ ಶುರುವಾಗುವುದಿತ್ತು. ಬೆಳಗ್ಗೆ ಹಾಗೇ ಓಡಿದೆ. ಸಂಜೆ ನಮ್ಮ ಬೀದಿಯ ಔಷಧಿ ಅಂಗಡಿಗೆ ಹೋದೆ. ಅಂಗಡಿಯ ಯಜಮಾನರು ನನ್ನ ಚೀಟಿಯನ್ನು ಬೆಳಕಿಗೆ ಹಿಡಿದು, "ಇದು ಆರು ತಿಂಗಳ ಹಿಂದಿನ ಚೀಟಿ ಸಾರ್. ಈ ಮಾತ್ರೆಗೆ ಹೊಸ ಚೀಟಿ ಬೇಕು. ಡಾಕ್ಟ್ರಿಗೆ ಒಂದ್ ಫೋನ್ ಮಾಡಿ, ಮೊಬೈಲಿಗೇ ಕಳಿಸ್ತಾರೆ" ಎಂದರು.

ಫೋನು ಜೇಬಿನಲ್ಲೇ ಇತ್ತು. ನಾನು ಮಾಡಲಿಲ್ಲ.

ಇಲ್ಲಿ ನಿಮ್ಮೊಡನೆ ಸ್ವಲ್ಪ ಪ್ರಾಮಾಣಿಕನಾಗಬೇಕು. ಆ ಕ್ಷಣದಲ್ಲಿ ನನಗೆ ಬೇಸರವಾಗಲಿಲ್ಲ, ಒಳಗೊಳಗೇ ಒಂದು ಸಣ್ಣ ಬಿಡುಗಡೆಯ ಭಾವ ಬಂತು. ಕೆಲವು ವಾರಗಳ ಹಿಂದೆ ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ಯಾರೋ ಯಾರ ಬಗೆಗೋ ಮಾತಾಡುತ್ತ, ಆ ಮಾತ್ರೆ ತಿನ್ನೋರು ಸಾಯೋವರೆಗೂ ತಿನ್ಬೇಕಂತೆ ಎಂದಿದ್ದರು. ಮಾತು ನನ್ನನ್ನು ಕುರಿತದ್ದಲ್ಲ, ಆದರೂ ಮನೆಯವರೆಗೂ ನನ್ನ ಜೊತೆಗೇ ಬಂದಿತ್ತು. ಈಗ ನಾನು ಚೆನ್ನಾಗಿದ್ದೇನಲ್ಲ. ಚೆನ್ನಾಗಿರುವುದು ನಾನೋ ಮಾತ್ರೆಯೋ? ಎರಡು ದಿನ ಬಿಟ್ಟರೆ ಉತ್ತರ ಸಿಗಬಹುದು. ಹೀಗೆ, ಮರೆವೆಂದು ಕರೆಯಬಹುದಾದ ಒಂದು ಘಟನೆಯೊಳಗೆ ನನ್ನ ತೀರ್ಮಾನವೊಂದು ಯಾರಿಗೂ ಕಾಣದಂತೆ ಸೇರಿಕೊಂಡಿತು.

ಮಂಗಳವಾರ ಏನೂ ಆಗಲಿಲ್ಲ. ಏನೋ ಗೆದ್ದವನಂತೆ ಸಂಜೆ ಎರಡು ಸುತ್ತು ಹೆಚ್ಚಿಗೇ ನಡೆದೆ. ಬುಧವಾರ ಬೆಳಗ್ಗೆ ಹಲ್ಲುಜ್ಜುತ್ತ ಕನ್ನಡಿಯಿಂದ ನಲ್ಲಿಯ ಕಡೆಗೆ ಕಣ್ಣು ಹೊರಳಿಸಿದಾಗ ತಲೆಯ ಒಳಗೆ ಝಟ್ ಎಂದಿತು. ಅದನ್ನು ಹೇಗೆ ವಿವರಿಸುವುದೋ ತಿಳಿಯದು. ನೋವಲ್ಲ. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಿದಾಗ ಬೆರಳಿಗಾಗುವ ಆ ಜುಂ ಎನ್ನುವಿಕೆ ಮಿದುಳಿಗೇ ಆದರೆ ಹೇಗೋ ಹಾಗೆ. ಅರೆಗಳಿಗೆ ಜಗತ್ತು ಜಾರಿ ಮತ್ತೆ ತನ್ನ ಜಾಗಕ್ಕೆ ಬಂದು ನಿಂತಂತೆ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಎಡದಿಂದ ಬಲಕ್ಕೆ ಹೋದಾಗಲೆಲ್ಲ ಝಟ್, ಝಟ್. ಉತ್ತರಪತ್ರಿಕೆ ತಿದ್ದುವವನಿಗೆ ಕಣ್ಣು ಎಡದಿಂದ ಬಲಕ್ಕೆ ಹೋಗದೆ ಬೇರೆ ಗತಿಯೇನಿದೆ? ಒಂದೊಂದು ಸಾಲೂ ಒಂದೊಂದು ಏಟಾಯಿತು. ನೆಲ ಮೆತ್ತಗಾಗಿ, ನಡೆಯುವಾಗ ದೋಣಿಯಲ್ಲಿರುವಂತೆ ತೂಗುತ್ತಿತ್ತು. ನಿದ್ದೆಯಲ್ಲಿ ಎಂಥೆಂಥದೋ ಕನಸುಗಳು, ಅವುಗಳ ಬಣ್ಣ ಎಚ್ಚರದ ಬಣ್ಣಗಳಿಗಿಂತ ಗಾಢ. ಬೆಳಗ್ಗೆ ಎದ್ದರೆ ಬೆವರಿನಿಂದ ಬನಿಯನ್ ಮೈಗಂಟಿರುತ್ತಿತ್ತು.

ಗುರುವಾರ ಸಂಜೆ ತಳ್ಳುಗಾಡಿಯ ಬಳಿ ತರಕಾರಿ ಕೊಳ್ಳುತ್ತಿದ್ದೆ. ಮಾರುವ ಹೆಂಗಸು, ನಾನು ಕೇಳದಿದ್ದರೂ, ಒಂದು ಹಿಡಿ ಕೊತ್ತಂಬರಿ ಸೊಪ್ಪನ್ನು ಚೀಲಕ್ಕೆ ಹಾಕಿ "ಇರ್ಲಿ ತಕ್ಕಳಿ ಸಾರ್" ಎಂದಳು. ನನ್ನ ಕಣ್ಣಿನಿಂದ ನೀರು ಸುರಿಯತೊಡಗಿತು. ಒರೆಸಿಕೊಂಡಷ್ಟೂ ಬಂತು. ಅವಳು ಗಾಬರಿಯಿಂದ ನೋಡುತ್ತಿದ್ದಂತೆ ನಾನು ಚೀಲ ಎತ್ತಿಕೊಂಡು ಗಲ್ಲಿಯ ತಿರುವಿಗೆ ನಡೆದುಬಿಟ್ಟೆ. ಅತ್ತದ್ದಕ್ಕಿಂತ ಹೆಚ್ಚು ದಣಿಸಿದ್ದು ಅದರ ಹಿಂದೆಯೇ ಬಂದ ವಿಚಾರಣೆ. ಇದು ಕರುಣೆಗೆ ಕರಗಿದ ನನ್ನ ಕಣ್ಣೀರೋ, ಮಾತ್ರೆಯಿಲ್ಲದೆ ಸಡಿಲಾದ ಯಾವುದೋ ನಲ್ಲಿಯದೋ? ಹಳೆಯ ಕಾಯಿಲೆ ಮತ್ತೆ ಬಂದಿತೋ? ತನ್ನ ಮನಸ್ಸಿಗೆ ತಾನೇ ಕಾವಲು ಕೂರುವ ಕೆಲಸದಷ್ಟು ಸುಸ್ತಿನ ಕೆಲಸ ಇನ್ನೊಂದಿಲ್ಲ. ನಕ್ಕರೂ ಅನುಮಾನ, ಅತ್ತರೂ ಅನುಮಾನ.

ಆ ಸಂಜೆಯೇ ಮಂಗಳ ಫೋನ್ ಮಾಡಿದಳು. ತಂಗಿಯ ಹೊಲಿಗೆ, ಗಂಜಿ, ಆಸ್ಪತ್ರೆಯ ಸುದ್ದಿಯೆಲ್ಲ ಹೇಳಿ, ಎಂದಿನಂತೆ "ಮಾತ್ರೆ ತಗೊಂಡ್ರಾ?" ಎಂದಳು.

"ಹೂಂ" ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಅದೊಂದು ಸಾಧಾರಣ ಸುಳ್ಳಾಗುತ್ತಿತ್ತು. "ದಿನಾ ಅದನ್ನೇ ಕೇಳ್ತೀಯಲ್ಲ, ನಾನೇನ್ ಚಿಕ್ಕ ಮಗುನಾ? ನಿನಗೆ ಗಂಡ ಬೇಕೋ ರೋಗಿ ಬೇಕೋ?" ಎಂದು ಕೂಗಿದೆ. ನಮ್ಮ ಮನೆಯಲ್ಲಿ ನಾನು ಆ ದನಿಯಲ್ಲಿ ಮಾತಾಡಿದವನಲ್ಲ. "ಊಟ ಮಾಡಿ ಮಲಗಿ" ಎಂದು ಹೇಳಿ ಅವಳು ಫೋನ್ ಇಟ್ಟಳು.

ಶುಕ್ರವಾರದ ಮಾತಿಗೆ ಬರುತ್ತೇನೆ. ಮೌಲ್ಯಮಾಪನದ ಕೋಣೆಯಲ್ಲಿ ನಾವು ಆರು ಜನ ತಿದ್ದುವವರು, ಮೇಲೊಬ್ಬರು ಮೇಲ್ವಿಚಾರಕರು. ಮೇಲ್ವಿಚಾರಕರ ಹೆಸರು ಸಿದ್ದಪ್ಪ, ಚಾಮರಾಜನಗರದ ಕಡೆಯವರು, ನಿವೃತ್ತಿಗೆ ಒಂದೇ ವರ್ಷ ಉಳಿದಿದ್ದ ಕಟ್ಟುನಿಟ್ಟಿನ ಮನುಷ್ಯ. ನನ್ನ ಪಕ್ಕದ ಕುರ್ಚಿಯಲ್ಲಿ ಹಿನಕಲ್‌ನಿಂದ ಬರುವ ಜಯಮ್ಮ ಮೇಡಂ. ಬೇಸಾಯದ ಮನೆಯಿಂದ ಓದಿ ಬಂದವರು, ಮಾತು ನೇರ. ಒಬ್ಬರು ತಿದ್ದಿದ್ದರ ಮೊತ್ತವನ್ನು ಪಕ್ಕದವರು ಕೂಡಿ ನೋಡುವುದು ನಮ್ಮ ಕೋಣೆಯ ಪದ್ಧತಿ. ಹನ್ನೊಂದು ಗಂಟೆಯ ಸುಮಾರಿಗೆ ನಾನು ಕೊಟ್ಟ ಒಂದು ಪತ್ರಿಕೆಯ ಹಾಳೆಗಳನ್ನು ಮಗುಚುತ್ತಿದ್ದ ಜಯಮ್ಮ ಕೈ ನಿಲ್ಲಿಸಿದರು.

"ಸಾರ್, ಈ ಮಗು ಎರಡು ಹಾಳೆ ಖಾಲಿ ಬಿಟ್ಟು, ಆಮೇಲೆ ಪತ್ರ ಬರ್ದಿದೆ. ನೀವು ನೋಡೇ ಇಲ್ವಲ್ಲ."

ನೋಡಿದೆ. ಆ ಪತ್ರಿಕೆಗೆ ನಾನು ಹಾಕಿದ್ದ ಮೊತ್ತ ಮೂವತ್ತೆರಡು. ಪಾಸಾಗಲು ಮೂರು ಅಂಕ ಕಡಿಮೆ. ಖಾಲಿ ಹಾಳೆ ಕಂಡಲ್ಲಿ ನಾನು ಮುಗಿಯಿತೆಂದು ಗೆರೆ ಎಳೆದುಬಿಟ್ಟಿದ್ದೆ. ಅದರಾಚೆ, ಗುಂಡಗಿನ ಅಕ್ಷರಗಳಲ್ಲಿ, ಶಾಲೆಯ ಪ್ರವಾಸಕ್ಕೆ ಅನುಮತಿ ಕೇಳಿ ತಂದೆಗೆ ಬರೆದ ಪತ್ರ. ನಾವೇ ಎಲ್ಲ ಮಕ್ಕಳಿಗೂ ಬಾಯಿಪಾಠ ಮಾಡಿಸುವ ಒಕ್ಕಣೆ: ಇತ್ತ ನಾನು ಕ್ಷೇಮವಾಗಿದ್ದೇನೆ, ಅತ್ತ ನಿಮ್ಮೆಲ್ಲರ ಕ್ಷೇಮ ಸಮಾಚಾರಕ್ಕೆ ಪತ್ರ ಬರೆಯಿರಿ. ಆ ಸಾಲನ್ನು ಸಾವಿರಾರು ಸಲ ಓದಿ ಅರ್ಧ ಅಂಕ ಹಾಕಿ ಮುಂದೆ ಹೋದವನು ನಾನು. ಅಂದು ಅದರ ಮೇಲೆ ಕಣ್ಣು ಹೊರಳಿ ತಲೆಯೊಳಗೆ ಝಟ್ ಎಂದಾಗ, ಕೆಂಪು ಪೆನ್ನು ಕೆಳಗಿಟ್ಟು ಕಣ್ಣು ಬಿಗಿಯಾಗಿ ಮುಚ್ಚಿ ತೆರೆದೆ.

"ಏನಾಯ್ತು ಸಾರ್? ಕಣ್ಣು ಯಾಕಂಗೆ ಮಾಡ್ತಿದೀರಿ? ಬಿಪಿ ಮಾತ್ರೆ ಗಿತ್ರೆ ಬಿಟ್ಬುಟ್ರಾ?" ಜಯಮ್ಮ ದನಿ ತಗ್ಗಿಸಿ ಕೇಳಿದರು.

ಹೌದು ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಬಿಪಿ ಎಂಬುದು ನಮ್ಮಲ್ಲಿ ಗೌರವಸ್ಥರ ಕಾಯಿಲೆ. ಆದರೆ ಸುಳ್ಳಿಗೆ ಬೇಕಾದ ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ. "ಬಿಪಿಗಲ್ಲ ಮೇಡಂ, ಮನಸ್ಸಿಗೆ ತಗೊಳ್ಳೋ ಮಾತ್ರೆ. ಐದು ದಿನ ಆಯ್ತು" ಎಂದೆ. ಮನೆಯ ಹೊರಗೆ, ಡಾಕ್ಟರಮ್ಮನನ್ನು ಬಿಟ್ಟರೆ, ಆ ಮಾತನ್ನು ನಾನು ಹೇಳಿದ್ದು ಅದೇ ಮೊದಲು.

ಅವರು ನನ್ನ ಮುಂದಿದ್ದ ಪತ್ರಿಕೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಮನಸ್ಸಿಗೋ ಮಂಡಿಗೋ, ಮಾತ್ರೆ ಮಾತ್ರೆನೇ ಅಲ್ವಾ ಸಾರ್? ನನ್ ಮಂಡಿನೋವಿಂದು ಎರಡು ದಿನ ಬಿಟ್ರೆ ನಾನೂ ಮೆಟ್ಲು ಹತ್ತಾಕಾಗಲ್ಲ. ಆಚೆ ಹೋಗಿ ಡಾಕ್ಟ್ರಿಗೆ ಫೋನ್ ಮಾಡಿ, ಹೋಗಿ" ಎಂದರು.

ಕಾರಿಡಾರಿನಲ್ಲಿ ಕಂಬಕ್ಕೆ ಒರಗಿ ನಿಂತು ಫೋನ್ ಮಾಡಿದೆ. ಡಾಕ್ಟರಮ್ಮ ನಾನು ಹೇಳಿದ್ದನ್ನೆಲ್ಲ ಕೇಳಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಬದುಕೋದೇ ಬೇಡ ಅನ್ನೋ ಥರ ಏನಾದ್ರೂ ಅನಿಸ್ತಿದ್ಯಾ?" ಇಲ್ಲ ಎಂದೆ, ಅದು ನಿಜವೂ ಆಗಿತ್ತು. ಆಮೇಲೆ ಅವರು ನಿಧಾನವಾಗಿ ಹೇಳಿದರು: "ನಿಮ್ಮ ಹಳೇ ಕಾಯಿಲೆ ವಾಪಸ್ ಬಂತು ಅಂತ ಹೆದರ್ಕೋಬೇಡಿ. ಮೂರು ವರ್ಷದಿಂದ ಸಿಗ್ತಿದ್ದಿದ್ದು ಇದ್ದಕ್ಕಿದ್ದಂಗೆ ನಿಂತ್ರೆ ಮೈ ಹೀಗೆ ಗಲಾಟೆ ಮಾಡುತ್ತೆ. ಚೀಟಿ ಈಗ್ಲೇ ಕಳಿಸ್ತೀನಿ. ಇವತ್ತೇ ಒಂದು ತಗೊಳ್ಳಿ, ಒಂದೇ. ಬಿಟ್ಟಿದ್ದನ್ನೆಲ್ಲ ಸೇರಿಸಿ ನುಂಗ್ಬೇಡಿ. ನಿಲ್ಲಿಸ್ಬೇಕು ಅನಿಸಿದ್ರೆ ನನ್ನ ಹತ್ರ ಬನ್ನಿ, ತಿಂಗಳುಗಟ್ಟಲೆ ಟೈಮ್ ತಗೊಂಡು ಸ್ವಲ್ಪ ಸ್ವಲ್ಪವೇ ಇಳಿಸೋಣ. ಮತ್ತೆ, ತಲೆಸುತ್ತು ಹೋಗೋವರೆಗೂ ಗಾಡಿ ಓಡಿಸ್ಬೇಡಿ."

ಇಷ್ಟು ಸುಲಭವಾದ ಒಂದು ಫೋನಿಗೆ ನಾನು ಐದು ದಿನ ಗೋಡೆ ಕಟ್ಟಿಕೊಂಡಿದ್ದೆ. ಕೂಡಲೇ ರಜೆ ಹಾಕಿ ಹೊರಟುಬಿಡಬಹುದಿತ್ತು. ಆದರೆ ಬುಧವಾರದಿಂದ ನಾನು ತಿದ್ದಿದ ಪತ್ರಿಕೆಗಳು ಐವತ್ತರ ಮೇಲಿದ್ದವು. ಆ ಐವತ್ತರಲ್ಲಿ ಇನ್ನೆಷ್ಟು ಖಾಲಿ ಹಾಳೆಗಳ ಆಚೆ ಇನ್ನೆಷ್ಟು ಮಕ್ಕಳು ಕ್ಷೇಮವಾಗಿದ್ದೇವೆಂದು ಬರೆದು ಕುಳಿತಿದ್ದಾರೋ? ಕಟ್ಟುಗಳು ಇನ್ನೂ ನಮ್ಮ ಕೋಣೆಯನ್ನು ಬಿಟ್ಟು ಹೋಗಿರಲಿಲ್ಲ, ಅದೊಂದು ಪುಣ್ಯ. ಸಿದ್ದಪ್ಪನವರ ಮೇಜಿನ ಮುಂದೆ ಹೋಗಿ ನಿಂತೆ. ಬುಧವಾರದಿಂದ ನನಗೆ ಹುಷಾರಿಲ್ಲ, ನನ್ನ ಪತ್ರಿಕೆಗಳನ್ನೆಲ್ಲ ಮತ್ತೊಮ್ಮೆ ಯಾರಾದರೂ ನೋಡಬೇಕು ಎಂದೆ.

ಅವರು ಕನ್ನಡಕ ಇಳಿಸಿದರು. "ಏನ್ ಹುಷಾರಿಲ್ಲ? ನೆಗಡಿ ಜ್ವರಕ್ಕೆಲ್ಲ ಐವತ್ತು ಪೇಪರ್ ಮತ್ತೆ ನೋಡಕ್ಕಾಯ್ತದೇನ್ರೀ?"

ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಸುಲಭವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಕೋಣೆಯಲ್ಲಿ ಉಳಿದ ನಾಲ್ವರೂ ಪೆನ್ನು ನಿಲ್ಲಿಸಿ ಕೇಳುತ್ತಿದ್ದರು. ಮೂರು ವರ್ಷ ಜೀರಿಗೆಯ ವಾಸನೆಯ ಹಿಂದೆ ಬಚ್ಚಿಟ್ಟದ್ದನ್ನು ನಾಲ್ಕು ವಾಕ್ಯಗಳಲ್ಲಿ ಹೇಳಿದೆ. ಖಿನ್ನತೆ ಎಂಬ ಪದವನ್ನೂ ಬಳಸಿದೆ. ನಿಘಂಟಿನಲ್ಲಿ ತಣ್ಣಗೆ ಮಲಗಿರುವ ಆ ಸಂಸ್ಕೃತದ ಪದ ಬಾಯಿಂದ ಹೊರಬರುವಾಗ ಎಷ್ಟು ಭಾರವೆಂದು ಕನ್ನಡದ ಮೇಷ್ಟ್ರಾದ ನನಗೂ ತಿಳಿದಿರಲಿಲ್ಲ.

ಸಿದ್ದಪ್ಪನವರು ಕಟ್ಟುಗಳ ಮೇಲಿನ ತಾರೀಕುಗಳನ್ನು ನೋಡಿದರು. "ಹಂಗಾದ್ರೆ ಮೊನ್ನೇದು, ನಿನ್ನೇದು, ಇವತ್ತಿಂದು ಎಲ್ಲಾ ತೆಗೀಬೇಕಾಯ್ತದೆ" ಎಂದರು. ಕನ್ನಡಕ ಮತ್ತೆ ಏರಿಸಿಕೊಂಡು, "ಹೇಳ್ದೆ ಸುಮ್ನೆ ಹೋಗಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ ಕಣ್ರೀ. ಕುಂತ್ಕಳಿ, ಮೊದ್ಲು ನೀರು ಕುಡೀರಿ" ಎಂದರು. ಅವರ ಮುಖದಲ್ಲಿ ಮರುಕವಿತ್ತೋ ಕಿರಿಕಿರಿಯಿತ್ತೋ ನನಗೆ ತಿಳಿಯಲಿಲ್ಲ. ಎರಡೂ ಇದ್ದಿರಬಹುದು, ಎರಡಕ್ಕೂ ಕಾರಣವಿತ್ತು.

ಮಧ್ಯಾಹ್ನದ ಬಿಡುವಿನಲ್ಲಿ ಜಯಮ್ಮ ತಮ್ಮ ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು ಹತ್ತಿರದ ಔಷಧಿ ಅಂಗಡಿಗೆ ಕರೆದೊಯ್ದರು. ಐವತ್ತು ದಾಟಿದ ಗಂಡಸು, ಎಡಗೈಯಲ್ಲಿ ಸೀಟಿನ ಹಿಂದಿನ ಕಂಬಿ ಹಿಡಿದು, ಪ್ರತಿ ತಿರುವಿಗೂ ಕಣ್ಣು ಮುಚ್ಚಿಕೊಂಡು ಕುಳಿತಿದ್ದ ಆ ದೃಶ್ಯ ದೂರದಿಂದ ನಗು ತರಿಸುವಂತಿದ್ದಿರಬೇಕು. ಮಾತ್ರೆ ಸಿಕ್ಕಿತು. ಅಂಗಡಿಯ ಮೆಟ್ಟಿಲ ಮೇಲೆಯೇ ನಿಂತು, ಅವರ ನೀರಿನ ಬಾಟಲಿಯಿಂದ ನುಂಗಿದೆ.

ಸಂಜೆ ಐದಾದ ಮೇಲೆ ಉಳಿದವರು ಮನೆಗೆ ಹೊರಟರೂ ಸಿದ್ದಪ್ಪನವರು ಮತ್ತು ಜಯಮ್ಮ ಕುಳಿತು ನನ್ನ ಪತ್ರಿಕೆಗಳನ್ನು ಮತ್ತೆ ನೋಡಿದರು. ನನಗೆ ಮುಟ್ಟಲು ಬಿಡಲಿಲ್ಲ. ಕಿಟಕಿಯ ಪಕ್ಕ ಬೆಂಚಿನ ಮೇಲೆ ಕುಳಿತು ಹಾಳೆ ಮಗುಚುವ ಸದ್ದನ್ನು ಕೇಳುತ್ತಿದ್ದೆ. ಆ ಒಂದನ್ನು ಬಿಟ್ಟು ಇನ್ನೂ ಮೂರು ತಪ್ಪುಗಳು ಸಿಕ್ಕಿದವು: ಒಂದು ಕಡೆ ಮೊತ್ತ ಕೂಡಿದ್ದು ತಪ್ಪು, ಇನ್ನೊಂದು ಕಡೆ ಸರಿಯಾಗಿ ಪ್ರಸ್ತಾರ ಹಾಕಿದ ಪದ್ಯಕ್ಕೆ ನಾನು ಸೊನ್ನೆ ಕೊಟ್ಟಿದ್ದೆ, ಮತ್ತೊಂದರಲ್ಲಿ ಗಾದೆಯ ವಿಸ್ತರಣೆಗೆ ಅಂಕ ಹಾಕುವುದೇ ಬಿಟ್ಟುಹೋಗಿತ್ತು. ಎಲ್ಲ ಸರಿಯಾದವು. ಮೂವತ್ತೆರಡು ಬಂದಿದ್ದ ಮಗುವಿಗೆ ಆ ಪತ್ರದಿಂದ ನಾಲ್ಕು ಅಂಕ ಸೇರಿ ಮೂವತ್ತಾರಾಯಿತು. ಆ ಮಗು ಯಾವ ಊರಿನದೋ, ಹುಡುಗಿಯೋ ಹುಡುಗನೋ, ನನಗೆ ಎಂದಿಗೂ ತಿಳಿಯುವುದಿಲ್ಲ. ತಿಳಿಯಬಾರದೆಂದೇ ಆ ಏರ್ಪಾಡು ಇರುವುದು.

ಉಳಿದ ಮೌಲ್ಯಮಾಪನಕ್ಕೆ ನಾನು ಹೋಗಲಿಲ್ಲ. ಶನಿವಾರವೂ ತಲೆಯಲ್ಲಿ ಝಟ್ ಎನ್ನುತ್ತಿತ್ತು, ಭಾನುವಾರ ಅಪರೂಪವಾಯಿತು, ಸೋಮವಾರ ಒಂದು ಸಲವೋ ಎರಡು ಸಲವೋ. ಡಾಕ್ಟರಮ್ಮ ಹೇಳಿದ್ದಂತೆ ಚೆನ್ನಾಗಿ ನೀರು ಕುಡಿದು, ಹೊತ್ತಿಗೆ ಸರಿಯಾಗಿ ಮುದ್ದೆಯೋ ಅನ್ನವೋ ಉಂಡು, ಉಳಿದ ಹೊತ್ತು ಕಣ್ಣು ಮುಚ್ಚಿ ಮಲಗಿರುತ್ತಿದ್ದೆ. ಮಲಗಿದವನಿಗೆ ಯೋಚನೆಗಳೇ ನೆಂಟರು. ಚಟ ಬೇರೆ, ಅಭ್ಯಾಸ ಬೇರೆ, ಆಸರೆ ಬೇರೆ ಎಂದು ಪಾಠ ಮಾಡಬಲ್ಲ ನಾನು ನನ್ನ ವಿಷಯದಲ್ಲಿ ಮೂರನ್ನೂ ಕಲಸಿಕೊಂಡಿದ್ದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡು ಓದಿದರೆ ಓದಿದವರು ಯಾರು, ನಾನೋ ಕನ್ನಡಕವೋ ಎಂದು ಯಾವತ್ತೂ ಕೇಳಿಕೊಂಡವನಲ್ಲ. ಮನಸ್ಸಿನ ವಿಷಯ ಬಂದಾಗ ಮಾತ್ರ ಆ ಲೆಕ್ಕ ಬೇಕಾಯಿತು. ಬಹುಶಃ ಒಂದು ದಿನ ಈ ಮಾತ್ರೆಯನ್ನು ಬಿಡುವ ಕಾಲ ಬರಬಹುದು, ಬರದೆಯೂ ಇರಬಹುದು. ಬಂದರೂ ಅದು ಹೀಗೆ ಕದ್ದು ಬರಬಾರದು ಎಂಬಷ್ಟು ನನಗೆ ಗೊತ್ತಾಗಿದೆ. ಇದನ್ನು ತಿಳಿವು ಎನ್ನಲು ಸಂಕೋಚವಾಗುತ್ತದೆ; ದಣಿದವನೊಬ್ಬ ಒಪ್ಪಿಕೊಂಡ ಸಂಗತಿ, ಅಷ್ಟೇ.

ಮಂಗಳವಾರ ಮಧ್ಯಾಹ್ನ ಮಂಗಳ ಮಂಡ್ಯದ ಬಸ್ಸಿಳಿದು ಮನೆಗೆ ಬಂದಳು. ಹತ್ತು ದಿನದ ಆಸ್ಪತ್ರೆಯ ಓಡಾಟದಿಂದ ಅವಳ ಕಣ್ಣಿನ ಸುತ್ತ ಕಪ್ಪಾಗಿತ್ತು. ಮೌಲ್ಯಮಾಪನದಲ್ಲಿ ನಡೆದದ್ದನ್ನು ಫೋನಿನಲ್ಲಿ ಹೇಳಿದ್ದೆ. ಮಾತ್ರೆ ಖಾಲಿಯಾಗಿತ್ತು, ತರುವುದು ಮರೆತೆ ಎಂದೂ ಹೇಳಿದ್ದೆ. ಅವಳು ಕೈಕಾಲು ತೊಳೆದು ಬಂದು ನಡುಮನೆಯ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಾಗ, ಜಯಮ್ಮನಿಗೂ ಸಿದ್ದಪ್ಪನವರಿಗೂ ಹೇಳದೆ ಉಳಿಸಿಕೊಂಡಿದ್ದ ಒಂದೇ ಒಂದು ಮಾತನ್ನು ಹೇಳಿಬಿಟ್ಟೆ.

"ಅದು ಮರೆತದ್ದಲ್ಲ ಮಂಗಳ" ಎಂದೆ. "ಬೇಕಂತಲೇ ತರಲಿಲ್ಲ."

ಅವಳು ತಲೆಯೆತ್ತಲಿಲ್ಲ. "ಗೊತ್ತು ಕಣ್ರೀ. ಮರ್ತಿದ್ರೆ, ಡಬ್ಬಿ ತುಂಬಿಸ್ದೆ ಹೋಗ್ಬುಟ್ಟೆ ಅಂತ ನೆನಪಾದ ತಕ್ಷಣ ಫೋನ್ ಮಾಡಿ ನನ್ ಮೇಲೆ ಹಾಕ್ತಿದ್ರಿ. ಮಾತ್ರೆ ತಗೊಂಡ್ರಾ ಅಂದಿದ್ದಕ್ಕೆ ಅವತ್ತು ಅಷ್ಟು ಸಿಟ್ಟು ಬಂತಲ್ಲ, ಆವಾಗ್ಲೇ ಅಂದ್ಕೊಂಡೆ."

"ಮತ್ತೆ ಯಾಕೆ ಕೇಳಲಿಲ್ಲ?"

ಅವಳು ಸೀರೆಯ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ನನಗೂ ಒಂದೊಂದ್ ಸಲ ಅನ್ಸಿತ್ತು" ಎಂದಳು. "ಇದಿಲ್ದೆ ಹೆಂಗಿರ್ತಾರೋ ನೋಡೋಣ ಅಂತ. ಅವತ್ತು ಫೋನ್ ಇಟ್ಟ ಮೇಲೆ, ಇನ್ನೊಂದು ದಿನ ನೋಡೋಣ ಅಂತ ಸುಮ್ನಾಗ್ಬುಟ್ಟೆ. ತಪ್ಪು ನಂದೂ ಇದೆ."

ಮೂರು ವರ್ಷ ನನ್ನನ್ನು ಕಾದವಳು ಅವಳು. ಆ ಕಾವಲಿನ ದಣಿವು ನನ್ನೊಬ್ಬನದೇ ಎಂದು ಆವರೆಗೆ ತಿಳಿದಿದ್ದೆ. ಕೋಪ ಬರಲಿಲ್ಲ. ಇಷ್ಟು ದಿನ ಒಬ್ಬನೇ ಎತ್ತಿಕೊಂಡಿದ್ದೇನೆಂದು ಭಾವಿಸಿದ್ದ ಚೀಲದ ಇನ್ನೊಂದು ಹಿಡಿಯಲ್ಲಿ ಬೇರೆಯವರ ಕೈ ಇರುವುದು ಕಂಡಂತಾಯಿತು. "ಊಟ ಆಗಿದ್ಯಾ?" ಎಂದೆ. ಇಲ್ಲವೆಂದು ತಲೆಯಾಡಿಸಿದಳು. ಬೆಳಗ್ಗೆ ನಾನೇ ಮಾಡಿದ್ದ ಹುಳಿ ಸ್ವಲ್ಪ ಉಪ್ಪಾಗಿತ್ತು. ಬಿಸಿ ಮಾಡಿ ಬಡಿಸಿದೆ. ಉಪ್ಪಾಗಿದೆ ಎಂದು ಅವಳು ಹೇಳಲಿಲ್ಲ; ಎರಡನೆಯ ತುತ್ತಿಗೆ ಮಜ್ಜಿಗೆ ಕೇಳಿದಳು. ಅವಳ ಎದುರಿಗೇ ಗೋಡೆಗೊರಗಿ ಕುಳಿತು, ಅವಳು ಉಣ್ಣುವುದು ಮುಗಿಯುವವರೆಗೂ ಅವಳ ತಟ್ಟೆಯನ್ನೇ ನೋಡುತ್ತಿದ್ದೆ.